ಸ್ಟಿರಾಯ್ಡ್ ಹಾರ್ಮೋನುಗಳೂ ನಮ್ಮ ಆರೋಗ್ಯವೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ—ಈ ಮೂರು ತಾಲ್ಲೂಕುಗಳ ಹೆಸರು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಅನೇಕರ ಕಣ್ಣ ಮುಂದೆ ತೆಂಗಿನ ತೋಟಗಳು ಬಂದು ನಿಲ್ಲುವುವು. ಆ ಸೀಮೆಯ ರೈತನು ಕೊಬ್ಬರಿಗೆಂದು ಇಟ್ಟ ಕಾಯನ್ನು ಕಿತ್ತ ಕೂಡಲೇ ಒಡೆಯುವುದಿಲ್ಲ. ಬಲಿತ ಕಾಯನ್ನು ಮಟ್ಟೆಯೊಡನೆಯೇ ಅಟ್ಟಕ್ಕೆ ಏರಿಸಿ, ಎಂಟು ತಿಂಗಳೋ ಹನ್ನೆರಡು ತಿಂಗಳೋ ಹಾಗೆಯೇ ಬಿಡುತ್ತಾನೆ. ಹೊರಗಿನಿಂದ ನೋಡಿದರೆ ಕಾಯಿ ಇದ್ದಂತೆಯೇ ಇರುವುದು. ಒಳಗೆ ಮಾತ್ರ ನೀರು ದಿನದಿನಕ್ಕೆ ಇಂಗಿ, ತಿರುಳು ಒಣಗಿ, ಕರಟವನ್ನು ಬಿಟ್ಟು ಬೇರೆಯಾಗುವುದು. ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಗಡಗಡನೆ ಸದ್ದಾಗುವುದು. ಆಗ ಕೊಬ್ಬರಿ ಸಿದ್ಧವಾಯಿತೆಂದು ತಿಳಿಯಬೇಕು. ತಿಪಟೂರಿನ ಮಾರುಕಟ್ಟೆಗೆ ಹೆಸರು ತಂದಿರುವ ಉಂಡೆ ಕೊಬ್ಬರಿ ಹುಟ್ಟುವ ಬಗೆ ಇದು.

ಮನುಷ್ಯನ ಮೂಳೆಯಲ್ಲಿಯೂ ಇಂತಹುದೇ ಒಂದು ಮಾರ್ಪಾಡು ಸದ್ದಿಲ್ಲದೆ ನಡೆಯುವುದುಂಟು. ಹೊರಗಿನ ಆಕಾರ ಕೆಡುವುದಿಲ್ಲ. ಒಳಗಿನ ಸತ್ತ್ವ ಇಳಿಯುತ್ತ ಹೋಗುವುದು. ಕಾಯಿಗೆ ಅದು ಬೆಲೆಯನ್ನು ತರುತ್ತದೆ. ಮೂಳೆಗೆ ಕೇಡನ್ನು ತರುತ್ತದೆ. ಮೂಳೆಯನ್ನು ಅಲ್ಲಾಡಿಸಿ ನೋಡುವಂತಿಲ್ಲ. ಮನೆಯ ಹಿರಿಯಾಕೆ ಒಂದು ದಿನ ಬಚ್ಚಲಲ್ಲಿಯೋ ಅಂಗಳದಲ್ಲಿಯೋ ಸ್ವಲ್ಪ ಜಾರುತ್ತಾಳೆ. ಊರಿದ ಮಣಿಕಟ್ಟು ಮುರಿಯುತ್ತದೆ, ಇಲ್ಲವೆ ಸೊಂಟದ ಕೀಲು ಮುರಿಯುತ್ತದೆ. ‘ಇಷ್ಟು ಸಣ್ಣ ಪೆಟ್ಟಿಗೆ ಇಷ್ಟು ದೊಡ್ಡ ಮುರಿತವೆ?’ ಎಂದು ಮನೆಯವರು ಬೆರಗಾಗುತ್ತಾರೆ. ಅದೇ ಮನೆಯಲ್ಲಿ ಇನ್ನೊಬ್ಬರು ಮಂಡಿನೋವಿಗೆಂದು ಯಾರೋ ಕೊಟ್ಟ, ಹೆಸರಿಲ್ಲದ ಪುಡಿಯ ಪೊಟ್ಟಣವನ್ನು ವರ್ಷಗಟ್ಟಲೆ ನುಂಗುತ್ತಿರಬಹುದು. ನೋವು ಮಾಯವಾಗಿದೆ, ಮುಖ ಮಾತ್ರ ಊದಿಕೊಂಡು ದುಂಡಗಾಗಿದೆ.

ಈ ಎರಡು ಸಂಗತಿಗಳಿಗೆ ಸಂಬಂಧವೇನೆಂದು ಶ್ರೋತೃಗಳು ಕೇಳಬಹುದು. ಮೊದಲನೆಯದು ದೇಹದೊಳಗಣ ಒಂದು ಹಾರ್ಮೋನು ಕಡಮೆಯಾದುದರ ಫಲ. ಎರಡನೆಯದು ಅದೇ ಕುಲಕ್ಕೆ ಸೇರಿದ ಮತ್ತೊಂದು ಹಾರ್ಮೋನು ಹೊರಗಿನಿಂದ ಮಿತಿಮೀರಿ ಒಳಹೊಕ್ಕುದರ ಫಲ. ಆ ಕುಲದ ಹೆಸರು ಸ್ಟಿರಾಯ್ಡ್. ಅದು ಅಮೃತವೂ ಅಲ್ಲ, ವಿಷವೂ ಅಲ್ಲ. ಎಲ್ಲವೂ ಅಳತೆಯಲ್ಲಿದೆ ಎಂಬ ಒಂದು ಮಾತನ್ನು ಈ ದಿನ ನಾವು ನಿಮ್ಮ ಮುಂದೆ ಇಡಬೇಕೆಂದಿದ್ದೇವೆ.

ನಮ್ಮ ದೇಹದಲ್ಲಿ ಕೆಲವು ಗ್ರಂಥಿಗಳಿವೆ. ಅವುಗಳ ರಸವು ನಾಳದ ಮೂಲಕ ಹೊರಕ್ಕೆ ಹರಿಯದೆ ನೇರವಾಗಿ ರಕ್ತವನ್ನು ಸೇರಿ, ದೂರದ ಅಂಗಗಳಿಗೆ ಆಜ್ಞೆಯನ್ನು ಒಯ್ಯುವುದು. ಇಂತಹ ದೂತರಿಗೆ ಹಾರ್ಮೋನು ಎಂಬ ಹೆಸರನ್ನು 1905ರಲ್ಲಿ ಬಳಕೆಗೆ ತಂದವನು ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ಸ್ಟಾರ್ಲಿಂಗ್. ಹಾರ್ಮೋನುಗಳಲ್ಲಿ ಹಲವು ಜಾತಿಗಳುಂಟು. ಅವುಗಳಲ್ಲಿ ಒಂದು ಜಾತಿಯ ಕಣಗಳಿಗೆಲ್ಲ ನಾಲ್ಕು ಉಂಗುರಗಳನ್ನು ಒಂದಕ್ಕೊಂದು ಬೆಸೆದಂತಹ ಒಂದೇ ಕಟ್ಟಡ. ಇವೇ ಸ್ಟಿರಾಯ್ಡುಗಳು. ಸ್ತ್ರೀಯರ ಅಂಡಾಶಯದಲ್ಲಿ ಹುಟ್ಟುವ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟೆರೋನ್, ಪುರುಷರ ವೃಷಣದಲ್ಲಿ ಹುಟ್ಟುವ ಟೆಸ್ಟೊಸ್ಟೆರೋನ್, ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳಲ್ಲಿ ಹುಟ್ಟುವ ಕಾರ್ಟಿಸಾಲ್ ಮತ್ತು ಆಲ್ಡೊಸ್ಟೆರೋನ್—ಇವೆಲ್ಲವೂ ಒಡಹುಟ್ಟಿದವು. ಇವುಗಳ ತಾಯಿ ಕೊಲೆಸ್ಟೆರಾಲ್.

ಕೊಲೆಸ್ಟೆರಾಲ್ ಎಂದೊಡನೆ ತೆಂಗಿನ ಸೀಮೆಯವರಿಗೆ ಒಂದು ಶಂಕೆ ಬರುವುದು ಸಹಜ. ಕೊಬ್ಬರಿಯಲ್ಲಿ ಕೊಲೆಸ್ಟೆರಾಲ್ ಉಂಟೆ? ಇಲ್ಲ. ನಮಗೆ ಬೇಕಾದುದರಲ್ಲಿ ಬಹುಭಾಗವನ್ನು ನಮ್ಮ ಯಕೃತ್ತೂ ಇತರ ಅಂಗಗಳೂ ತಾವೇ ತಯಾರಿಸಿಕೊಳ್ಳುವುವು. ಆದರೆ ತೆಂಗಿನೆಣ್ಣೆಯ ಕೊಬ್ಬಿನಲ್ಲಿ ನೂರಕ್ಕೆ ಸುಮಾರು ತೊಂಬತ್ತು ಪಾಲು ಸ್ಯಾಚುರೇಟೆಡ್ ಎಂಬ ಬಗೆಯದು. ಆ ಬಗೆಯ ಕೊಬ್ಬು ಹೆಚ್ಚಾದರೆ ರಕ್ತದಲ್ಲಿ ಕೊಲೆಸ್ಟೆರಾಲಿನ ಮಟ್ಟ ಏರುವುದು. ಮುಟ್ಟು ನಿಂತ ಮೇಲೆ ಸ್ತ್ರೀಯರಲ್ಲಿ ಈ ಮಟ್ಟ ತಾನಾಗಿಯೇ ಸ್ವಲ್ಪ ಮೇಲೇರುವುದುಂಟು. ಆದಕಾರಣ ಚಟ್ನಿಗೂ ಸಾರಿಗೂ ತೆಂಗನ್ನು ಬಳಸಲು ಅಡ್ಡಿಯಿಲ್ಲ. ಎಣ್ಣೆಯ ವಿಷಯದಲ್ಲಿ ಕೈ ಸ್ವಲ್ಪ ಬಿಗಿಯಾಗಿರಲಿ. ಇಲ್ಲಿಯೂ ಮಾತು ಅಳತೆಯದೇ.

ಈ ದೂತರು ಕೆಲಸ ಮಾಡುವ ಬಗೆ ಸೊಗಸಾದುದು. ರಕ್ತವು ಹಾರ್ಮೋನನ್ನು ಎಲ್ಲ ಕಡೆಗೂ ಒಯ್ಯುವುದಾದರೂ ಎಲ್ಲ ಜೀವಕೋಶಗಳೂ ಅದಕ್ಕೆ ಓಗೊಡುವುದಿಲ್ಲ. ಯಾವ ಕೋಶದಲ್ಲಿ ಅದಕ್ಕೆ ಒಪ್ಪುವ ಗ್ರಾಹಕವಿರುವುದೋ ಆ ಕೋಶ ಮಾತ್ರ ಆಜ್ಞೆಯನ್ನು ಸ್ವೀಕರಿಸುವುದು. ಗ್ರಾಹಕವನ್ನು ಕೂಡಿಕೊಂಡ ಹಾರ್ಮೋನು ಕೋಶದ ನಡುಬೀಜದೊಳಗೆ ಹೊಕ್ಕು, ಅಲ್ಲಿ ಮಲಗಿರುವ ವಂಶವಾಹಿಗಳನ್ನು ಎಬ್ಬಿಸುವುದು. ಎದ್ದಿರುವ ಕೆಲವನ್ನು ಮಲಗಿಸುವುದೂ ಉಂಟು. ಇದಕ್ಕೆ ನಮ್ಮ ನಾಡಿನದೇ ಒಂದು ನಿದರ್ಶನವಿದೆ. ಬೆಂಗಳೂರಿನಲ್ಲಿ ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ಆರ್. ಅಡಿಗರೂ ಅವರ ಸಹೋದ್ಯೋಗಿಗಳೂ ಕೋಳಿಮೊಟ್ಟೆಗೆ ಜೀವಸತ್ತ್ವಗಳನ್ನು ಹೊತ್ತು ತರುವ ಪ್ರೋಟೀನುಗಳನ್ನು ಕುರಿತು ದೀರ್ಘಕಾಲ ಸಂಶೋಧನೆ ನಡೆಸಿದರು. ಮೊಟ್ಟೆಯಿಡುವ ಹೇಂಟೆಯ ಯಕೃತ್ತು ಈಸ್ಟ್ರೊಜೆನಿನ ಆಜ್ಞೆಯಂತೆ ಇಂತಹ ಪ್ರೋಟೀನನ್ನು ತಯಾರಿಸುವುದು. ಆಶ್ಚರ್ಯವೇನೆಂದರೆ, ಮೊಟ್ಟೆಯ ಗೊಡವೆಯೇ ಇಲ್ಲದ ಗಂಡು ಮರಿಗೆ ಈಸ್ಟ್ರೊಜೆನನ್ನು ಚುಚ್ಚಿದರೆ ಅದರ ಯಕೃತ್ತೂ ಅದನ್ನೇ ತಯಾರಿಸತೊಡಗುವುದು. ಎಂದರೆ, ಕೆಲಸದ ವಿದ್ಯೆ ಕೋಶದಲ್ಲಿ ಮೊದಲೇ ಇದ್ದಿತು. ಕರೆಯುವ ದೂತನು ಇರಲಿಲ್ಲ, ಅಷ್ಟೆ.

ಈ ದೂತರ ಪ್ರಮಾಣವಾದರೋ ಅತ್ಯಲ್ಪ. ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿದರೆ, ಅಂತಹ ಕೆಲವು ಹತ್ತು ಅಥವಾ ಕೆಲವು ನೂರು ಪಾಲುಗಳಷ್ಟು ಈಸ್ಟ್ರೊಜೆನ್ ಪ್ರಾಯದ ಸ್ತ್ರೀಯ ಒಂದು ಮಿಲಿಲೀಟರು ರಕ್ತದಲ್ಲಿರುವುದು. ಅಷ್ಟರಿಂದಲೇ ಋತುಚಕ್ರ ನಡೆಯುವುದು, ಚರ್ಮಕ್ಕೂ ರಕ್ತನಾಳಕ್ಕೂ ಮೃದುತ್ವ ಬರುವುದು, ಮೂಳೆ ಗಟ್ಟಿಯಾಗಿ ಉಳಿಯುವುದು. ಮೂಳೆಯೆಂಬುದು ಕಲ್ಲಿನ ಕಂಬವಲ್ಲ. ಅದನ್ನು ಕೊರೆದು ತೆಗೆಯುವ ಕೋಶಗಳೂ ಮತ್ತೆ ಕಟ್ಟುವ ಕೋಶಗಳೂ ಹಗಲಿರುಳು ದುಡಿಯುತ್ತಿರುವುವು. ಕೊರೆಯುವವರ ಕೈಯನ್ನು ಹಿಡಿದು ನಿಲ್ಲಿಸುವುದು ಈಸ್ಟ್ರೊಜೆನಿನ ಕೆಲಸ. ಮುಟ್ಟು ನಿಂತು ಅದು ಇಳಿದರೆ ಕೊರೆಯುವವರು ಮೇಲುಗೈಯಾಗುವರು. ಈ ಸಂಬಂಧವನ್ನು 1941ರಲ್ಲಿ ಸ್ಪಷ್ಟವಾಗಿ ವಿವರಿಸಿದವನು ಅಮೆರಿಕದ ವೈದ್ಯ ಫುಲ್ಲರ್ ಆಲ್‌ಬ್ರೈಟ್. ಮೊದಲ ಕೆಲವು ವರ್ಷಗಳಲ್ಲಿಯೇ ಮೂಳೆಯ ಸಾಂದ್ರತೆಯಲ್ಲಿ ಸುಮಾರು ಹತ್ತನೆಯ ಒಂದು ಪಾಲು ನಷ್ಟವಾಗಬಹುದು. ಬೆನ್ನೆಲುಬಿನ ಮಣಿಗಳು ತಾವಾಗಿಯೇ ಕುಸಿದು ಎತ್ತರ ಕಡಮೆಯಾಗುವುದೂ ಬೆನ್ನು ಬಾಗುವುದೂ ಇದರಿಂದಲೇ. ಇದನ್ನು ವಯಸ್ಸಿನ ಬಾಗು ಎಂದು ಸುಮ್ಮನಾಗುವುದು ನಮ್ಮ ವಾಡಿಕೆ.

ಇದು ಸ್ತ್ರೀಯರ ಪಾಡು ಮಾತ್ರವೆಂದು ಪುರುಷರು ತಿಳಿಯಬೇಕಾಗಿಲ್ಲ. ಪುರುಷನ ದೇಹವೂ ತನ್ನ ಟೆಸ್ಟೊಸ್ಟೆರೋನಿನ ಒಂದು ಪಾಲನ್ನು ಈಸ್ಟ್ರೊಜೆನಾಗಿ ಮಾರ್ಪಡಿಸಿಕೊಳ್ಳುವುದು. ಈಸ್ಟ್ರೊಜೆನಿನ ಗ್ರಾಹಕವು ಹುಟ್ಟಿನಿಂದಲೇ ಕೆಟ್ಟಿದ್ದ ಇಪ್ಪತ್ತೆಂಟು ವರ್ಷದ ಒಬ್ಬ ಪುರುಷನ ವಿಷಯವನ್ನು 1994ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದರು. ಆತನ ಎತ್ತರ 204 ಸೆಂಟಿಮೀಟರು. ಆ ವಯಸ್ಸಿನಲ್ಲಿಯೂ ಮೂಳೆಯ ತುದಿಗಳು ಕೂಡಿಕೊಂಡಿರಲಿಲ್ಲ, ಬೆಳವಣಿಗೆ ನಿಂತಿರಲಿಲ್ಲ, ಮೂಳೆಗಳೋ ಟೊಳ್ಳು. ಗಂಡಸಿನ ಮೂಳೆಗೂ ಹೆಣ್ಣಿನದೆಂದು ನಾವು ಹೇಳುವ ಹಾರ್ಮೋನು ಬೇಕೆಂಬುದು ಅಂದಿಗೆ ಸ್ಥಿರವಾಯಿತು.

ಭಾರತದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು ಸುಮಾರು ನಾಲ್ವತ್ತಾರು. ಪಾಶ್ಚಾತ್ಯ ದೇಶಗಳಲ್ಲಿ ಐವತ್ತೊಂದು. ಐದು ವರ್ಷ ಮುಂಚೆಯೇ ನಮ್ಮ ಸ್ತ್ರೀಯರು ಈ ರಕ್ಷಣೆಯನ್ನು ಕಳೆದುಕೊಳ್ಳುವರು. ಇದರ ಮೇಲೆ ಶಸ್ತ್ರಚಿಕಿತ್ಸೆಯೂ ಸೇರಿದರೆ ಹೇಳುವುದೇನು? ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಹರೆಯ ಮುಗಿಯದ ಬಡ ಸ್ತ್ರೀಯರಿಗೆ ಅನಗತ್ಯವಾಗಿ ಗರ್ಭಕೋಶವನ್ನು ತೆಗೆದ ಸಂಗತಿ 2015ರ ಸುಮಾರಿನಲ್ಲಿ ನಾಡೆಲ್ಲ ಚರ್ಚೆಯಾದುದನ್ನು ಶ್ರೋತೃಗಳು ಬಲ್ಲರು. ಬಿಳಿಸೆರಗು, ಹೊಟ್ಟೆನೋವು ಎಂಬಂತಹ ಸಾಮಾನ್ಯ ಬೇನೆಗೆ ‘ಚೀಲವನ್ನು ತೆಗೆಸಿಬಿಡಿ’ ಎಂಬ ಮಾತು ನಮ್ಮ ಊರುಗಳಲ್ಲಿ ಬಹು ಸಲೀಸಾಗಿ ಬರುವುದು. ಗರ್ಭಕೋಶದೊಡನೆ ಅಂಡಾಶಯಗಳನ್ನೂ ತೆಗೆದರೆ ಮೂವತ್ತೈದರ ಹೆಣ್ಣಿಗೆ ಒಂದೇ ದಿನದಲ್ಲಿ ಐವತ್ತರ ದೇಹಸ್ಥಿತಿ ಬಂದಂತೆ. ಅಂಡಾಶಯಗಳನ್ನು ಉಳಿಸಿದರೂ ಅವು ಕಾಲಕ್ಕೆ ಮುಂಚೆ ಸೋಲುವುದುಂಟು. ಕೆಲವು ರೋಗಗಳಲ್ಲಿ ಈ ಶಸ್ತ್ರಚಿಕಿತ್ಸೆ ಪ್ರಾಣವನ್ನು ಉಳಿಸುವುದೆಂಬುದು ನಿಜ. ಆದರೆ, ‘ಇದು ಅನಿವಾರ್ಯವೆ? ಅಂಡಾಶಯಗಳನ್ನು ಉಳಿಸಬಹುದೆ? ಆಮೇಲೆ ಮೂಳೆಗೆ ಏನು ಮಾಡಬೇಕು?’—ಈ ಮೂರು ಪ್ರಶ್ನೆಗಳನ್ನು ಕೇಳದೆ ಯಾರೂ ಸಹಿ ಹಾಕಬಾರದು.

ಹಾಗಾದರೆ ಕಳೆದುಹೋದ ಈಸ್ಟ್ರೊಜೆನನ್ನು ಮಾತ್ರೆಯಾಗಿ ನುಂಗಿದರಾಯಿತಲ್ಲವೆ? ಒಂದು ಕಾಲದಲ್ಲಿ ಪಶ್ಚಿಮದ ವೈದ್ಯರು ಹಾಗೆಯೇ ಎಣಿಸಿ, ಯೌವನವನ್ನು ಉಳಿಸುವ ಔಷಧವೆಂದು ಲಕ್ಷಾಂತರ ಸ್ತ್ರೀಯರಿಗೆ ಅದನ್ನು ಕೊಟ್ಟರು. ಅಮೆರಿಕದಲ್ಲಿ ಹದಿನಾರು ಸಾವಿರಕ್ಕೂ ಮಿಕ್ಕ ಸ್ತ್ರೀಯರ ಮೇಲೆ ನಡೆದ ಒಂದು ದೊಡ್ಡ ಪರೀಕ್ಷೆಯನ್ನು 2002ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ಈಸ್ಟ್ರೊಜೆನನ್ನೂ ಪ್ರೊಜೆಸ್ಟೆರೋನಿನಂತಹ ಔಷಧವನ್ನೂ ಕೂಡಿಸಿ ಸೇವಿಸಿದವರಲ್ಲಿ ಸೊಂಟದ ಮುರಿತ ಕಡಮೆಯಾಗಿದ್ದಿತು. ಆದರೆ ಸ್ತನದ ಕ್ಯಾನ್ಸರೂ ಪಾರ್ಶ್ವವಾಯುವೂ ರಕ್ತ ಹೆಪ್ಪುಗಟ್ಟುವಿಕೆಯೂ ಹೆಚ್ಚಾಗಿದ್ದುವು. ಸ್ತನದ ಕೆಲವು ಗಂತಿಗಳು ಈಸ್ಟ್ರೊಜೆನನ್ನು ಉಂಡೇ ಬೆಳೆಯುವುವು. ಈ ಹಾರ್ಮೋನಿನ ಹೆಸರೇ ಹುಟ್ಟದಿದ್ದ 1896ರಲ್ಲಿ ಗ್ಲಾಸ್ಗೋ ನಗರದ ಬೀಟ್ಸನ್ ಎಂಬ ಶಸ್ತ್ರವೈದ್ಯನು, ಅಂಡಾಶಯಗಳನ್ನು ತೆಗೆದರೆ ಸ್ತನದ ಕ್ಯಾನ್ಸರು ಕುಗ್ಗುವುದನ್ನು ಕಂಡಿದ್ದನು. ಇಂದು ಗಂತಿಯಲ್ಲಿ ಈಸ್ಟ್ರೊಜೆನಿನ ಗ್ರಾಹಕವಿದೆಯೆ ಎಂದು ಪರೀಕ್ಷಿಸಿ, ಇದ್ದರೆ ಅದನ್ನು ತಡೆಯುವ ಟೆಮಾಕ್ಸಿಫೆನ್ ಮುಂತಾದ ಮಾತ್ರೆಗಳನ್ನು ಕೊಡುವರು. ಈಸ್ಟ್ರೊಜೆನಿನ ಚಿಕಿತ್ಸೆಯನ್ನು ವೈದ್ಯರು ಈಗ ಪೂರ್ತಿಯಾಗಿ ತೊರೆದಿಲ್ಲ. ಮುಟ್ಟು ನಿಂತು ಹೆಚ್ಚು ಕಾಲವಾಗದ, ಮೈ ಕಾವೇರಿ ಬೆವರುವ ಬಾಧೆ ತೀವ್ರವಾಗಿರುವ, ಬೇರೆ ಅಪಾಯಗಳಿಲ್ಲದ ಸ್ತ್ರೀಗೆ ಅದು ಹಿತವಾಗಬಹುದು. ಯಾರಿಗೆ, ಎಷ್ಟು, ಎಷ್ಟು ಕಾಲ ಎಂಬುದನ್ನು ಒಬ್ಬೊಬ್ಬರನ್ನೂ ನೋಡಿ ನಿರ್ಣಯಿಸಬೇಕು.

ಇನ್ನು ಅಡ್ರಿನಲ್ ಗ್ರಂಥಿಗಳ ಕಡೆಗೆ ಬರೋಣ. ಇವು ಕಾರ್ಟಿಸಾಲನ್ನು ಬೆಳಗಿನ ಜಾವದಲ್ಲಿ ಹೆಚ್ಚಾಗಿಯೂ ನಡುರಾತ್ರಿಯಲ್ಲಿ ಕಡಮೆಯಾಗಿಯೂ ಸುರಿಸುವುವು. ಜ್ವರ, ಗಾಯ, ಹಸಿವು ಮುಂತಾದ ಕಷ್ಟ ಬಂದಾಗ ಅದರ ಪ್ರಮಾಣ ಏರಿ ದೇಹವನ್ನು ಕಾಯುವುದು. ಈ ಗ್ರಂಥಿಗಳು ನಾಶವಾದರೆ ಮನುಷ್ಯನು ನಿತ್ರಾಣನಾಗಿ ಸೊರಗುವನೆಂದು 1855ರಲ್ಲಿ ಲಂಡನ್ನಿನ ಥಾಮಸ್ ಆಡಿಸನ್ ಬರೆದನು. 1948ನೆಯ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೊ ಆಸ್ಪತ್ರೆಯಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯನು, ಕೀಲುವಾತದಿಂದ ಹಾಸಿಗೆ ಹಿಡಿದಿದ್ದ ಇಪ್ಪತ್ತೊಂಬತ್ತು ವರ್ಷದ ಒಬ್ಬ ಸ್ತ್ರೀಗೆ, ಕೆಂಡಾಲ್ ಎಂಬ ರಸಾಯನಶಾಸ್ತ್ರಜ್ಞನು ಬೇರ್ಪಡಿಸಿದ್ದ ಕಾರ್ಟಿಸೋನನ್ನು ಚುಚ್ಚಿದನು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಾಡಿದಳು. ಜಗತ್ತು ಇದನ್ನು ಪವಾಡವೆಂದಿತು. 1950ರಲ್ಲಿ ಇವರಿಬ್ಬರಿಗೂ ಸ್ವಿಟ್ಜರ್ಲೆಂಡಿನ ರೈಖ್‌ಸ್ಟೈನನಿಗೂ ನೊಬೆಲ್ ಪಾರಿತೋಷಕ ದೊರಕಿತು. ಆದರೆ ಔಷಧವನ್ನು ಮುಂದುವರಿಸಿದ ರೋಗಿಗಳಲ್ಲಿ ಅದರ ಕೆಡುಕುಗಳೂ ಬೇಗನೆ ತಲೆದೋರಿದುವು. ರೋಗದ ಬೇರು ಹೋಗಿರಲಿಲ್ಲ. ಉರಿ ಮಾತ್ರ ಆರಿದ್ದಿತು.

ಮೊದಲಿಗೆ ಈ ಔಷಧವನ್ನು ಎತ್ತಿನ ಪಿತ್ತದಿಂದ ಮೂವತ್ತಕ್ಕೂ ಮಿಕ್ಕ ಹಂತಗಳಲ್ಲಿ ತಯಾರಿಸಬೇಕಾಗಿದ್ದುದರಿಂದ ಅದರ ಬೆಲೆ ಚಿನ್ನವನ್ನೂ ಮೀರಿದ್ದಿತು. ಬಳಿಕ ಮೆಕ್ಸಿಕೊ ದೇಶದ ಒಂದು ಕಾಡುಗೆಣಸಿನಿಂದ ಸುಲಭವಾಗಿ ತಯಾರಿಸುವ ದಾರಿ ಸಿಕ್ಕಿ ಅದು ಅಗ್ಗವಾಯಿತು. ಅಗ್ಗವಾದುದೇ ಒಂದು ವಿಪತ್ತಿಗೂ ಬಾಗಿಲು ತೆರೆಯಿತು. ಇಂದು ಕೆಲವು ಕಾಸಿಗೆ ಒಂದು ಮಾತ್ರೆ ಸಿಗುವುದು. ಅದನ್ನು ಅರೆದು ‘ಗಿಡಮೂಲಿಕೆ’ ಎಂಬ ಹೆಸರಿನ ಪುಡಿಯಲ್ಲಿ ಬೆರೆಸಿ ಮಂಡಿನೋವಿಗೂ ಉಬ್ಬಸಕ್ಕೂ ಮಾರುವವರುಂಟು. ದಿನವೆಲ್ಲ ಕುಕ್ಕರುಗಾಲಿನಲ್ಲಿ ಕುಳಿತು ಕರಟ ಒಡೆಯುವ, ತಲೆಯ ಮೇಲೆ ಹೊರೆ ಹೊರುವ, ಗರಿ ಹೆಣೆಯುವ ಜನರಿಗೆ ಮಂಡಿ ಸವೆಯುವುದು ಸಹಜ. ಅವರಿಗೆ ಎರಡು ದಿನದಲ್ಲಿ ನೋವನ್ನು ನಿಲ್ಲಿಸುವವನೇ ಧನ್ವಂತರಿಯಾಗಿ ಕಾಣುವನು. ಪಟ್ಟಣದವರಾದ ನಾವು ಇದಕ್ಕೆ ನಗುವಂತಿಲ್ಲ. ಮೈಬಣ್ಣ ತಿಳಿಯಾಗಲೆಂದು ಸ್ಟಿರಾಯ್ಡ್ ಬೆರೆತ ಮುಲಾಮನ್ನು ತಿಂಗಳುಗಟ್ಟಲೆ ಮುಖಕ್ಕೆ ತಿಕ್ಕಿ ಚರ್ಮವನ್ನು ಕೆಡಿಸಿಕೊಂಡವರು ಹೆಚ್ಚಾಗಿ ಪಟ್ಟಣಗಳಲ್ಲಿಯೇ ಇದ್ದಾರೆ. ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಭಾರತ ಸರ್ಕಾರ 2018ರಲ್ಲಿ ವಿಧಿಸಿತು.

ಅಳತೆ ಮೀರಿದ ಕಾರ್ಟಿಸೋನಿನ ಜಾತಿಯ ಔಷಧದಿಂದ ಏನಾಗುವುದು? ಮುಖ ಚಂದ್ರನಂತೆ ದುಂಡಗಾಗುವುದು. ಹೊಟ್ಟೆ ಬೆಳೆದು ಕೈಕಾಲು ಸಣ್ಣಗಾಗುವುವು. ಚರ್ಮ ತೆಳುವಾಗಿ ಮುಟ್ಟಿದರೆ ಕಂದುವುದು. ಸಕ್ಕರೆಯ ರೋಗವೂ ರಕ್ತದೊತ್ತಡವೂ ತಲೆಯೆತ್ತುವುವು. ಕಣ್ಣಿಗೆ ಪೊರೆ ಬರುವುದು. ಒಳಗೆ ಅಡಗಿದ್ದ ಕ್ಷಯ ಮೇಲೇಳುವುದು. ಎಲ್ಲಕ್ಕಿಂತ ಮಿಗಿಲಾಗಿ ಮೂಳೆ ಟೊಳ್ಳಾಗುವುದು. ಈಸ್ಟ್ರೊಜೆನನ್ನು ಕಳೆದುಕೊಂಡ ಹಿರಿಯಾಕೆಯೇ ಈ ಪುಡಿಯನ್ನೂ ನುಂಗಿದರೆ ಆಕೆಯ ಮೂಳೆಗೆ ಎರಡು ಕಡೆಯಿಂದಲೂ ಸುಲಿಗೆ ನಡೆದಂತೆ.

ಇದಕ್ಕೂ ಗಹನವಾದ ಒಂದು ಅಪಾಯವಿದೆ. ಅದನ್ನು ಶ್ರೋತೃಗಳು ಮನಸ್ಸಿಟ್ಟು ಕೇಳಬೇಕೆಂದು ನಮ್ಮ ಪ್ರಾರ್ಥನೆ. ಹೊರಗಿನಿಂದ ಹಾರ್ಮೋನು ವಾರಗಟ್ಟಲೆ ಬರುತ್ತಿದ್ದರೆ ದೇಹದ ಅಡ್ರಿನಲ್ ಗ್ರಂಥಿಗಳು ಕೆಲಸವಿಲ್ಲದೆ ಕುಗ್ಗಿ ನಿದ್ರಿಸುವುವು. ಆಗ ಔಷಧವನ್ನು ಥಟ್ಟನೆ ಬಿಟ್ಟರೆ ಹೊರಗಿನದೂ ಇಲ್ಲ, ಒಳಗಿನದೂ ಇಲ್ಲ. ವಾಂತಿ, ಸುಸ್ತು, ರಕ್ತದೊತ್ತಡದ ಕುಸಿತ, ಪ್ರಜ್ಞೆ ತಪ್ಪುವಿಕೆ, ಕೊನೆಗೆ ಮರಣವೂ ಸಂಭವಿಸಬಹುದು. ಆದುದರಿಂದ ನಮ್ಮ ಭಾಷಣವನ್ನು ಕೇಳಿ, ‘ಇಂದೇ ಆ ಪುಡಿಯನ್ನು ತಿಪ್ಪೆಗೆ ಎಸೆಯಿರಿ’ ಎಂದು ಮನೆಯ ಹಿರಿಯರಿಗೆ ಯಾರೂ ಹೇಳಬೇಡಿ. ಪೊಟ್ಟಣವನ್ನು ಕೈಯಲ್ಲಿ ಹಿಡಿದು, ಹಿರಿಯರನ್ನು ಜೊತೆಗೆ ಕರೆದುಕೊಂಡು ಸರ್ಕಾರಿ ಆಸ್ಪತ್ರೆಗೋ ತಿಳಿದ ವೈದ್ಯರ ಬಳಿಗೋ ಹೋಗಿರಿ. ಎಷ್ಟು ಕಾಲದಿಂದ ಸೇವಿಸುತ್ತಿರುವರೆಂಬುದನ್ನು ಮರೆಮಾಚದೆ ತಿಳಿಸಿರಿ. ಅಟ್ಟದಿಂದ ಇಳಿಯುವವನು ಏಣಿಯ ಮೆಟ್ಟಿಲನ್ನು ಒಂದೊಂದಾಗಿ ಇಳಿಯುವಂತೆ, ವೈದ್ಯರು ಪ್ರಮಾಣವನ್ನು ಮೆಲ್ಲಮೆಲ್ಲನೆ ಇಳಿಸುವರು.

ಸ್ಟಿರಾಯ್ಡ್ ಎಂದೊಡನೆ ಹೆದರಿ ಓಡುವುದೂ ತಪ್ಪು. ಉಬ್ಬಸದವರು ಬಾಯಿಂದ ಸೇದುವ ಔಷಧದಲ್ಲಿ ಅತ್ಯಲ್ಪ ಪ್ರಮಾಣದ ಸ್ಟಿರಾಯ್ಡ್ ಇದೆ. ಅದು ಅವರ ಪ್ರಾಣವನ್ನು ಕಾಯುವುದು. ಕೋವಿಡ್ ವ್ಯಾಧಿಯ ಕಾಲದಲ್ಲಿ, 2020ರಲ್ಲಿ, ಇಂಗ್ಲೆಂಡಿನಲ್ಲಿ ನಡೆದ ಪರೀಕ್ಷೆಯೊಂದು ಡೆಕ್ಸಾಮೆಥಸೋನ್ ಎಂಬ ಅಗ್ಗದ ಸ್ಟಿರಾಯ್ಡು ಉಸಿರಾಟದ ಯಂತ್ರದಲ್ಲಿದ್ದ ರೋಗಿಗಳ ಸಾವನ್ನು ಮೂರರಲ್ಲಿ ಒಂದು ಪಾಲು ತಗ್ಗಿಸಿತೆಂದು ತೋರಿಸಿತು. ಕೊಟ್ಟುದು ದಿನಕ್ಕೆ ಆರು ಮಿಲಿಗ್ರಾಮು, ಹೆಚ್ಚೆಂದರೆ ಹತ್ತು ದಿನ. ಆಮ್ಲಜನಕದ ಅಗತ್ಯವಿಲ್ಲದವರಿಗೆ ಅದರಿಂದ ಪ್ರಯೋಜನ ಕಾಣಲಿಲ್ಲ. ಮರುವರ್ಷ, 2021ರ ಬೇಸಗೆಯಲ್ಲಿ, ನಮ್ಮ ದೇಶದಲ್ಲಿ ಹಲವೆಡೆ ಅದೇ ಜಾತಿಯ ಔಷಧವನ್ನು ಬೇಡದವರಿಗೂ, ಬೇಕಾದುದಕ್ಕಿಂತ ಹೆಚ್ಚಾಗಿಯೂ ಕೊಟ್ಟುದುಂಟು. ಹತೋಟಿಯಲ್ಲಿಲ್ಲದ ಸಕ್ಕರೆಯ ರೋಗವೂ ಜೊತೆಗೂಡಿ, ಕರ್ನಾಟಕವೂ ಸೇರಿದಂತೆ ಎಲ್ಲೆಡೆ ಕಪ್ಪು ಶಿಲೀಂಧ್ರವೆಂಬ ಘೋರ ವ್ಯಾಧಿ ಎದ್ದಿತು. ಎಷ್ಟೋ ಜನ ಕಣ್ಣನ್ನೂ ಪ್ರಾಣವನ್ನೂ ಕಳೆದುಕೊಂಡರು. ಒಂದೇ ಔಷಧ, ಅಳತೆಯಲ್ಲಿದ್ದಾಗ ಉಳಿಸಿತು, ಅಳತೆ ತಪ್ಪಿದಾಗ ಕೊಂದಿತು.

ಕೊನೆಯದಾಗಿ, ನಮ್ಮ ಕೈಯಲ್ಲಿಯೇ ಇರುವ ಕೆಲವು ಉಪಾಯಗಳನ್ನು ಹೇಳಿ ಮುಗಿಸುವೆವು. ಮುಟ್ಟು ನಿಂತ ಸ್ತ್ರೀಗೆ ದಿನಕ್ಕೆ ಸುಮಾರು 1200 ಮಿಲಿಗ್ರಾಮು ಸುಣ್ಣದ ಸತ್ತ್ವ ಬೇಕು. ನೂರು ಗ್ರಾಮು ರಾಗಿಯಲ್ಲಿ ಸುಮಾರು 350 ಮಿಲಿಗ್ರಾಮು ಇರುವುದು. ಬಿಳಿಯ ಅಕ್ಕಿಯಲ್ಲಿ ಹತ್ತರ ಆಸುಪಾಸು. ಅನುಕೂಲ ಬಂದಿತೆಂದು ಮುದ್ದೆಯನ್ನು ಬಿಟ್ಟು ಅನ್ನಕ್ಕೆ ಕೈಹಾಕಿದ ಮನೆಗಳು ಇದನ್ನು ನೆನೆಯಬೇಕು. ಮುದ್ದೆಯ ಜೊತೆಗೆ ಹಾಲು, ಮಜ್ಜಿಗೆ, ಸೊಪ್ಪು ಇರಲಿ. ಸುಣ್ಣವನ್ನು ಮೈಗೆ ಹತ್ತಿಸುವ ‘ಡಿ’ ಜೀವಸತ್ತ್ವವೂ ಸ್ಟಿರಾಯ್ಡುಗಳ ಹತ್ತಿರದ ನಂಟನೇ. ಅದು ಬಿಸಿಲಿನಿಂದ ಚರ್ಮದಲ್ಲಿ ಹುಟ್ಟುವುದು. ಪಟ್ಟಣದ ಮನೆಯೊಳಗೆ ಕುಳಿತವರಿಗೆ ದಿನವೂ ಸ್ವಲ್ಪ ಬಿಸಿಲು ಅವಶ್ಯ. ನಡೆದಾಡಿದರೆ, ಭಾರ ಹೊತ್ತರೆ ಮೂಳೆ ಗಟ್ಟಿಯಾಗುವುದು. ಹಿರಿಯರ ಬಚ್ಚಲಿನಲ್ಲಿ ಹಿಡಿಕೆಯೊಂದನ್ನು ಹಾಕಿಸಿ, ಪಾಚಿಯನ್ನು ಉಜ್ಜಿಸಿ, ರಾತ್ರಿ ಒಂದು ದೀಪವನ್ನು ಉರಿಯಲು ಬಿಟ್ಟರೆ ಎಷ್ಟೋ ಸೊಂಟಗಳು ಉಳಿಯುವುವು. ಎತ್ತರ ಇಳಿದವರು, ಸಣ್ಣ ಪೆಟ್ಟಿಗೆ ಮೂಳೆ ಮುರಿದವರು, ಬೇಗ ಮುಟ್ಟು ನಿಂತವರು ಮೂಳೆಯ ಸಾಂದ್ರತೆಯನ್ನು ಪರೀಕ್ಷೆ ಮಾಡಿಸುವುದು ಒಳ್ಳೆಯದು. ಮೂಳೆಯನ್ನು ಮತ್ತೆ ಬಲಪಡಿಸುವ ಔಷಧಗಳು ಈಗ ಉಂಟು.

ತಿಪಟೂರಿನ ರೈತನಿಗೆ ಅಟ್ಟದ ಕಾಯಿ ಒಳಗೆ ಹೇಗಿದೆಯೆಂಬುದು ಒಡೆಯುವ ಮೊದಲೇ ಗೊತ್ತು. ತಿಂಗಳ ಲೆಕ್ಕವನ್ನು ಆತನು ಮರೆಯುವುದಿಲ್ಲ, ಕಿವಿಗೊಟ್ಟು ಕೇಳಲು ಬೇಸರಪಡುವುದಿಲ್ಲ. ಆ ಕಾಯನ್ನು ಒಡೆದು ಒಣಗಿಸಿ ಮನೆಯನ್ನು ನಡೆಸಿದ ತಾಯಂದಿರ ಮೈಯೊಳಗಿನ ಲೆಕ್ಕವನ್ನೂ ಅಷ್ಟೇ ಎಚ್ಚರದಿಂದ ನಾವು ಇಟ್ಟುಕೊಂಡೆವಾದರೆ ಈ ಭಾಷಣ ಸಾರ್ಥಕವಾಯಿತೆಂದು ಭಾವಿಸುವೆವು.